ಮಂಡಿನೋವಿಗೆ ತಂದ ಕುರ್ಚಿ

ಒದ್ದೆ ಬೆತ್ತಕ್ಕೆ ಅದರದೇ ಒಂದು ವಾಸನೆ ಇದೆ. ಹಸಿ ಹುಲ್ಲಿನದೂ ಅಲ್ಲ, ಹಳೆಯ ಬುಟ್ಟಿಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಮಂಡ್ಯದ ಪೇಟೆಯಲ್ಲಿ ಬೆತ್ತ ಹೆಣೆಯುವ ಸಾಬರ ಅಂಗಡಿಯ ಮುಂದೆ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಸೀಳುಗಳು. ಪಕ್ಕದಲ್ಲಿ, ಕೂರುವ ಜಾಗವೆಲ್ಲ ಕಿತ್ತುಹೋಗಿ ಬರಿಯ ಚೌಕಟ್ಟಾಗಿ ನಿಂತಿದ್ದ ನಮ್ಮ ಮನೆಯ ಕುರ್ಚಿ. ಸಾಬರು ಅದರ ಕೈ ತಟ್ಟಿ ನೋಡಿ, "ಒಳ್ಳೆ ಮರ ಕಣಮ್ಮ, ಇನ್ನೊಂದು ತಲೆಮಾರು ತಡೀತದೆ. ಯಾರು ಕೂತ್ಕೊಳ್ಳೋರು?" ಎಂದು ಕೇಳಿದರು. ಎಷ್ಟು ಬಿಗಿಯಾಗಿ ಹೆಣೆಯಬೇಕೆಂದು ತಿಳಿಯಲು ಕೇಳಿದ ಮಾತು. ನಾನು "ನಾನೇ" ಎಂದೆ. ಅಂದ ಮೇಲೆ ಯಾಕೋ ನಾಲಿಗೆ ಕಚ್ಚಿಕೊಂಡೆ.

ಯಾಕೆಂದು ಹೇಳಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು. ಆತುರವಿರುವವರು ಈಗಲೇ ಇಳಿದುಬಿಡಿ. ಅರವತ್ತು ದಾಟಿದವಳ ಮಾತು ಎತ್ತಿನಗಾಡಿ ಇದ್ದ ಹಾಗೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಂಡೇ ಹೋಗುತ್ತದೆ.

ನನ್ನ ತವರು ಮಳವಳ್ಳಿ. ಎರಡನೆಯ ಮಹಾಯುದ್ಧ ಶುರುವಾದ ವರ್ಷ ನನ್ನನ್ನು ಹನಕೆರೆ ಸ್ಟೇಷನ್ನಿನಿಂದ ಕೂಗಳತೆ ದೂರದ ಒಂದು ಹಳ್ಳಿಗೆ ಕೊಟ್ಟರು. ನಾನು ಮಿಡ್ಲ್ ಸ್ಕೂಲು ಮುಗಿಸಿದ್ದೆ. ಆ ಊರಿನಲ್ಲಿ ಅದೊಂದು ದೊಡ್ಡ ಸುದ್ದಿ. ಬಂದುಹೋದವರೆಲ್ಲ ಹೊಸ ಎಮ್ಮೆಯನ್ನು ನೋಡುವಂತೆ ನನ್ನನ್ನು ನೋಡಿ ಹೋಗುತ್ತಿದ್ದರು. ನಮ್ಮವರು ಮಂಡ್ಯದಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಶನಿವಾರ ಊರಿಗೆ ಬರುವಾಗ ಯಾರೋ ಓದಿ ಬಿಟ್ಟ ವಾರದ ಪತ್ರಿಕೆಗಳನ್ನೆಲ್ಲ ಒಟ್ಟುಮಾಡಿ ತರುತ್ತಿದ್ದರು. ಹೀಗಾಗಿ ಮಹಾಯುದ್ಧವೆನ್ನುವುದು ನಮ್ಮ ಮನೆಗೆ ಯಾವಾಗಲೂ ಒಂದು ವಾರ ತಡವಾಗಿಯೇ ಬರುತ್ತಿತ್ತು. ಅಲ್ಲಿ ಬಿದ್ದ ಪಟ್ಟಣ ನಮ್ಮಲ್ಲಿ ಶನಿವಾರದವರೆಗೂ ನಿಂತಿರುತ್ತಿತ್ತು.

ಓದಿ ಹೇಳುವ ಕೆಲಸ ನನ್ನದು, ಕೇಳುವವರು ಮಾವ. ನನ್ನ ಮಾವ ಪುಟ್ಟೇಗೌಡರು ಬಹಳ ಮೃದು ಮನುಷ್ಯ. ಚಾಪೆಯ ಮೇಲೆ ಬೆಕ್ಕು ಮಲಗಿದ್ದರೆ "ಒಸಿ ಜರುಗವ್ವ" ಎಂದು ಕೇಳಿಕೊಂಡು ಕೂರುತ್ತಿದ್ದರು. ಎತ್ತಿಗೆ ಬಾರುಕೋಲು ತೋರಿಸಿದವರಲ್ಲ. ಅವರಿಗಿದ್ದ ಒಂದೇ ಶತ್ರು ಅವರ ಬಲಮಂಡಿ. ಮಡಿಸಿದರೆ ನೋವು, ಚಾಚಿದರೆ ನಾಲ್ಕು ಜನರ ಮುಂದೆ ಅಮರ್ಯಾದೆ.

ಒಂದು ಶನಿವಾರ ಪತ್ರಿಕೆಯಲ್ಲಿ 'ಸರ್ವಾಧಿಕಾರಿ' ಎಂಬ ಮಾತು ಬಂತು. ಮಾವ ಅರ್ಥ ಕೇಳಿದರು. ಎಲ್ಲ ಅಧಿಕಾರವೂ ಒಬ್ಬನ ಕೈಯಲ್ಲೇ ಇರುವುದು ಎಂದೆ.

"ಎಲ್ಲಾನೂವಾ? ಅಂಗಾದ್ರೆ ಪಾಪ, ಅವ್ನು ಉಂಡು ಮಲಗೋದು ಯಾವಾಗ?" ಎಂದರು ಮಾವ. ಜರ್ಮನಿಯಲ್ಲಿ ಆ ತುಂಡುಮೀಸೆಯವನ ಮುಂದೆ ಲಕ್ಷಗಟ್ಟಲೆ ಜನ ಕೈ ಎತ್ತಿ ನಿಲ್ಲುತ್ತಾರೆ ಎಂದು ನಾನು ಓದಿದಾಗ ತಲೆ ಕೆರೆದುಕೊಂಡರು. "ಅಲ್ಲ ಕಣವ್ವ, ಅಷ್ಟೂ ಜನ್ಕೂ ಒಂದೇ ಸಲ ಮಂಕು ಕವೀತದಾ? 'ಬ್ಯಾಡ ಕಣ್ಲಾ' ಅನ್ನೋಕೆ ಅವ್ನ್ಗೆ ಒಬ್ಬ ಸ್ನೇಹಿತ ಇಲ್ವಾ?"

ಒಳಗಿನಿಂದ ಅತ್ತೆ ಹೇಳಿದರು: "ಇದ್ದಿರ್ತಾನೆ. ಅವ್ನ ಜೈಲಿಗೆ ಆಕಿರ್ತಾನೆ ಬುಡಿ."

ಮಾವ ನಕ್ಕರು. ನಾನೂ ನಕ್ಕೆ.

ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಚಾವಡಿ ನಮ್ಮ ಮನೆಯ ಎದುರಿಗೇ. ಅದರ ಜಗಲಿಯ ಮೇಲೆ ಊರ ಗಂಡಸರು ಸೇರಿ ಏನಾದರೂ ತೀರ್ಮಾನಿಸಬೇಕಾದರೆ, ಮಾತೆಲ್ಲ ಮುಗಿದ ಮೇಲೆ ಎಲೆ ಅಡಿಕೆಯ ಹಿತ್ತಾಳೆ ತಟ್ಟೆ ಸುತ್ತು ಬರುತ್ತಿತ್ತು. ಎಲೆ ತೆಗೆದುಕೊಂಡವನು ಒಪ್ಪಿದ ಹಾಗೆ. ತೆಗೆದುಕೊಳ್ಳದೆ ತಟ್ಟೆಯನ್ನು ಮುಂದಕ್ಕೆ ತಳ್ಳಿದವನು ಒಪ್ಪಲಿಲ್ಲ ಎಂದು ಲೆಕ್ಕ. ಒಬ್ಬ ತಳ್ಳಿದರೂ ತೀರ್ಮಾನ ನಿಂತುಹೋಗುತ್ತಿತ್ತು. ಅವನ ತಕರಾರು ಕೇಳಬೇಕು, ಮತ್ತೆ ಮಾತಾಡಬೇಕು, ಮತ್ತೆ ತಟ್ಟೆ ಸುತ್ತಬೇಕು. ತಟ್ಟೆ ನಮ್ಮ ಮನೆಯದು, ಎಲೆ ನಮ್ಮ ಹಿತ್ತಲ ಬಳ್ಳಿಯದು. ವಾಪಸು ಬಂದ ತಟ್ಟೆಯಲ್ಲಿ ಉಳಿದ ಎಲೆ ನೋಡಿ ಆ ದಿನ ಜಗಳ ಎಷ್ಟಿತ್ತೆಂದು ಅತ್ತೆ ಹೇಳಿಬಿಡುತ್ತಿದ್ದರು.

ಇದನ್ನು ಕೇಳಿ ರಾಮರಾಜ್ಯ ಎಂದುಕೊಳ್ಳಬೇಡಿ. ಆ ತಟ್ಟೆ ಹೆಂಗಸರ ಕಡೆಗೆ ಬರುತ್ತಿರಲಿಲ್ಲ. ಜಗಲಿಯ ಕೆಳಗೆ ನಿಲ್ಲುತ್ತಿದ್ದ ಕೇರಿಯವರ ಕಡೆಗೂ ಹೋಗುತ್ತಿರಲಿಲ್ಲ. ಇಡೀ ಊರಿನ ಗದ್ದೆಗಳಿಗೆ ನೀರು ಬಿಡುವ, ಕಟ್ಟುವ ಕೆಲಸ ಮಾಡುತ್ತಿದ್ದ ನೀರುಗಂಟಿ ಮಾದಯ್ಯನೂ ಹಾಗೆ ಕೆಳಗೆ ನಿಂತವರಲ್ಲಿ ಒಬ್ಬ. ನಾವು ಹೆಂಗಸರು ಕಿಟಕಿಯ ಹಿಂದೆ, ಅವನು ಮೆಟ್ಟಿಲ ಕೆಳಗೆ. ಆದರೂ ಜಗಲಿಯ ಮೇಲಿದ್ದಷ್ಟು ಜನರ ಮಟ್ಟಿಗೆ ಅದು ಒಳ್ಳೆಯ ಪದ್ಧತಿ.

ಆ ತಟ್ಟೆಯನ್ನು ಅತಿ ಹೆಚ್ಚು ಸಲ ತಳ್ಳಿದವನು ಕೆಂಚಯ್ಯ. ಮಾವನ ಬಾಲ್ಯದ ಗೆಳೆಯ, ಇಬ್ಬರೂ ಒಟ್ಟಿಗೆ ದನ ಕಾಯ್ದವರು. ಅವನ ಗದ್ದೆ ಕಾಲುವೆಯ ತೀರ ಕೊನೆಯಲ್ಲಿತ್ತು. ಬಾಲದಲ್ಲಿರುವವನಿಗೆ ತಕರಾರು ಹೆಚ್ಚು, ಅದು ಸಹಜ. "ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು" ಎಂದು ಜನ ಅವನನ್ನು ಹಾಸ್ಯ ಮಾಡುತ್ತಿದ್ದರು.

ಹೊಸ ಕಾಲುವೆ ಬಂದು ಆಗ ಕೆಲವೇ ವರ್ಷವಾಗಿತ್ತು. ರಾಗಿಯ ಹೊಲಗಳೆಲ್ಲ ಗದ್ದೆಯಾದವು, ಗದ್ದೆಗಳಲ್ಲಿ ಕಬ್ಬು ಬಂತು. ನೀರಿನ ಜೊತೆಗೆ ಜಗಳವೂ ಹರಿದು ಬಂತು. ಒಂದು ದಿನ ನೀರಿನ ಸರದಿಗಾಗಿ ಒಡಹುಟ್ಟಿದ ಅಣ್ಣ ತಮ್ಮಂದಿರೇ ಹೊಡೆದಾಡಿ, ಗುದ್ದಲಿಯ ಕಾವಿನಿಂದ ಒಬ್ಬನ ತಲೆ ಒಡೆಯಿತು. ಜನ ಹೆದರಿದರು. ಅದರ ಮೇಲೆ ಯುದ್ಧದ ಕಾಲ: ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಬೆಳೆದ ಭತ್ತವನ್ನು ಸರ್ಕಾರಕ್ಕೆ ಅಳೆಯಬೇಕು. ದಿನಕ್ಕೊಂದು ಗಾಳಿಸುದ್ದಿ. ಹೆದರಿದ ಜನಕ್ಕೆ ಮಾತು ಬೇಡವಾಗುತ್ತದೆ. ಯಾರಾದರೂ ಬಂದು "ಹೀಗೆ ಮಾಡಿ" ಅಂದರೆ ಸಾಕು, ಬದುಕಿದೆವು ಅನ್ನಿಸುತ್ತದೆ. ನನಗೂ ಜ್ವರ ಬಂದಾಗ ಹಾಗೇ ಅನ್ನಿಸುತ್ತದೆ.

ಅಂಥ ಒಂದು ದಿನ ಅಂಗಡಿ ಸಿದ್ದೇಗೌಡ ಎದ್ದು ನಿಂತು ಹೇಳಿದ: "ಯಾರ್ ಕೂತ್ಕೊಂಡು ವತ್ತು ಮುಳುಗೋ ತನ್ಕ ತಟ್ಟೆ ತಿರುಗ್ಸೋರು? ಪುಟ್ಟೇಗೌಡ್ರು ದೇವ್ರಂತೋರು. ನೀರಿನ ಇಚಾರ ಅವ್ರೇ ನೋಡ್ಕೊಳ್ಳಿ. ಅವ್ರು ಏನ್ ಮಾಡುದ್ರೂ ಸರಿ."

ಮಾವ ಎರಡೂ ಕೈ ಆಡಿಸಿ ಬೇಡ ಎಂದರು. ಜನ ಬಿಡಲಿಲ್ಲ. ತಟ್ಟೆ ಸುತ್ತಿತು, ಎಲ್ಲರೂ ಎಲೆ ತೆಗೆದುಕೊಂಡರು. ಕೆಂಚಯ್ಯ ಒಬ್ಬ ತಳ್ಳಿದ. ಆದರೆ ಅವತ್ತು ಯಾಕೆಂದು ಯಾರೂ ಅವನನ್ನು ಕೇಳಲಿಲ್ಲ. "ಇವ್ನು ಯಾವಾಗ್ಲೂ ಇಂಗೇ" ಎಂದು ನಕ್ಕು ಎದ್ದುಬಿಟ್ಟರು. ಕಿಟಕಿಯ ಹಿಂದಿನಿಂದ ನಾನೂ ನಕ್ಕೆ. ಆ ನಗುವಿನ ನಡುವೆ ಅಷ್ಟು ಕಾಲದ ಪದ್ಧತಿಯೊಂದು ಮುರಿದದ್ದು ನಮಗೆ ಗೊತ್ತಾಗಲಿಲ್ಲ.

ಕುರ್ಚಿ ಬಂದದ್ದು ಅದಾದ ಕೆಲವು ದಿನಕ್ಕೆ. ಜನರ ತಕರಾರು ಕೇಳುತ್ತ ಹೊತ್ತುಗಟ್ಟಲೆ ಮಂಡಿ ಮಡಿಸಿ ಕೂತು ಮಾವನಿಗೆ ನೋವು ಹೆಚ್ಚಾಗಿತ್ತು. ಊರವರೇ ಮದ್ದೂರಿಗೆ ಹೋಗಿ, ಬೆತ್ತ ಹೆಣೆದ ಕೈಕುರ್ಚಿ ಮಾಡಿಸಿ, ಗಾಡಿಯಲ್ಲಿ ಹುಲ್ಲು ಹಾಸಿ ತಂದರು. ಬೆತ್ತ ಇನ್ನೂ ಒದ್ದೆಯಾಗಿತ್ತು. ಪ್ರೀತಿಯಿಂದ ತಂದದ್ದು, ಅದರಲ್ಲಿ ಎರಡು ಮಾತಿಲ್ಲ. ಮಾವ ನಾಚಿ, ಮದುವಣಿಗನ ಹಾಗೆ ತುದಿಯಲ್ಲಿ ಕೂತರು. ಒಂದು ವಾರದ ಮೇಲೆ ಹಿಂದಕ್ಕೆ ಒರಗಿದರು. ಅದಾದ ಮೇಲೆ ಕುರ್ಚಿಯ ಎರಡು ಕೈಗಳ ಮೇಲೂ ತಮ್ಮ ಕೈ ಇಟ್ಟುಕೊಂಡರು. ಜಗಲಿಯ ಮೇಲೆ ಸಮಸಮ ಕೂತಿದ್ದವರೆಲ್ಲ ಈಗ ಅವರ ಜೊತೆ ಮಾತಾಡಲು ಮುಖ ಎತ್ತಬೇಕಾಯಿತು.

ಇಷ್ಟಕ್ಕೇ ಕೆಟ್ಟುಹೋಯಿತು ಎನ್ನಲಾರೆ. ಮೊದಲ ವರ್ಷ ಊರು ನೆಮ್ಮದಿಯಾಗಿತ್ತು. ಸರದಿ ಕ್ರಮವಾಗಿ ನಡೆಯಿತು, ಯಾರ ತಲೆಯೂ ಒಡೆಯಲಿಲ್ಲ. ಅಕ್ಕಪಕ್ಕದ ಹಳ್ಳಿಯವರು "ನಮ್ಮೂರ್ಗೂ ಒಬ್ರು ಪುಟ್ಟೇಗೌಡ್ರು ಬೇಕಾಗಿತ್ತು" ಎಂದು ಹೊಟ್ಟೆಕಿಚ್ಚು ಪಟ್ಟರು. ನನಗೂ ಲಾಭವಿತ್ತು. ಬಾವಿಗೆ ಹೋದರೆ ಹೆಂಗಸರು ತಮ್ಮ ಕೊಡ ಸರಿಸಿ ನನಗೆ ಜಾಗ ಬಿಡುತ್ತಿದ್ದರು. ಅದು ನನ್ನ ವಿದ್ಯೆಗೆ ಸಂದ ಮರ್ಯಾದೆ ಎಂದು ನಾನು ತಿಳಿದಿದ್ದೆ. ಮಿಡ್ಲ್ ಸ್ಕೂಲಿನಲ್ಲಿ ಅಷ್ಟೇ ಕಲಿಸಿದ್ದು.

ತಟ್ಟೆ ಮಾತ್ರ ಗೂಡಿನಲ್ಲಿ ಉಳಿಯಿತು. ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ. ಅತ್ತೆ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿ ಮತ್ತೆ ಅಲ್ಲೇ ಇಡುತ್ತಿದ್ದರು.

ಆಮೇಲೆ ನೀರು ಕಾಯಲೆಂದು ಕೋಲು ಹಿಡಿದ ನಾಲ್ಕೈದು ಹುಡುಗರು ಸೇರಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ಅವರನ್ನು ದಾಟಿ ಮಾವನ ಹತ್ತಿರ ಹೋಗುವುದೇ ಕಷ್ಟವಾಯಿತು. ಚಾಡಿಗಳು ಹಿತ್ತಲ ಬಾಗಿಲಿನಿಂದ ಬರತೊಡಗಿದವು. ಇವನು ಹೀಗಂದ, ಅವನು ಹಾಗಂದ. ತಲೆ ಇಟ್ಟರೆ ಗೊರಕೆ ಹೊಡೆಯುತ್ತಿದ್ದ ಮಾವನಿಗೆ ನಿದ್ದೆ ಹೋಯಿತು. ಊರೆಲ್ಲ ಅವರಿಗೆ ಹೆದರುತ್ತಿದೆ ಎಂದು ನಾವು ತಿಳಿದಿದ್ದೆವು. ಅವರು ಊರಿಗೆ ಹೆದರುತ್ತಿದ್ದರು ಎಂದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಒಂದು ಶನಿವಾರ ನಾನು ಜರ್ಮನಿಯ ಸುದ್ದಿ ಓದಲು ಶುರುಮಾಡಿದರೆ, "ಅದ ಬುಡವ್ವ, ಮಳೆ ಸಮಾಚಾರ ಇದ್ರೆ ಓದು" ಎಂದರು.

ಕೆಂಚಯ್ಯನ ಪೈರು ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಅವನ ಗದ್ದೆಗೆ ನೀರು ಬರುವುದು ನಿಂತಿತು. ಆಗ ನೀರಿಲ್ಲದಿದ್ದರೆ ತೆನೆಯೆಲ್ಲ ಜೊಳ್ಳು. ಅವನು ಜಗಲಿಗೆ ಬಂದು, ಎಲ್ಲರೂ ಗೌಡರೇ ಎನ್ನುತ್ತಿದ್ದ ಕಾಲದಲ್ಲಿ, ಹಳೆಯ ರೂಢಿಯಂತೆಯೇ ಕರೆದ.

"ಪುಟ್ಟಾ, ಮೇಲ್ನೋರು ಕಬ್ಬಿಗೆ ಕುಡಿಸ್ಕೊಂಡು ಮಿಕ್ಕಿದ್ ಬುಡ್ತಾವ್ರೆ. ನನ್ನ ತನ್ಕ ಬರಾಕಿಲ್ಲ. ಸರ್ದೀನ ಒಂದ್ಸಲ ಕೊನೆಯಿಂದ ಸುರು ಮಾಡು."

"ನೋಡಾನ ಬುಡು" ಎಂದರು ಮಾವ.

"ಇಲ್ಲಿ ಕೂತ್ಕೊಂಡು ಏನ್ ನೋಡೀಯೆ? ನೀನ್ ಮಾಡ್ತಿರೋದು ಸರಿಯಾಗಿಲ್ಲ ಕಣ್ಲಾ. ಬ್ಯಾಡ."

ಇಷ್ಟೇ ಆಡಿದ್ದು. ಸಂಜೆಯ ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂದ ಸುದ್ದಿಯಲ್ಲಿ ಕೆಂಚಯ್ಯ ಊರನ್ನೇ ಎತ್ತಿಕಟ್ಟುತ್ತಿದ್ದ, ಕುರ್ಚಿ ಕಿತ್ತು ಕಾಲುವೆಗೆ ಎಸೆಯುತ್ತೇನೆಂದು ಹೇಳಿದ್ದ. ಮಾವ ನಂಬಿದರು. ಮಾರನೆಯ ದಿನ, ಕೆಂಚಯ್ಯ ಬಂದು ತಪ್ಪಾಯಿತು ಅನ್ನುವವರೆಗೂ ಅವನ ಗದ್ದೆಯ ಮಡೆಯನ್ನೇ ಕಟ್ಟಿಬಿಡು ಎಂದು ಮಾದಯ್ಯನಿಗೆ ಹೇಳಿದರು. ಮಡೆಯೆಂದರೆ ಕಾಲುವೆಯಿಂದ ಗದ್ದೆಗೆ ನೀರು ಹೋಗುವ ಬಾಯಿ. ಬರುತ್ತಿದ್ದ ನಾಲ್ಕು ಹನಿಯೂ ನಿಂತಿತು.

ಕೆಂಚಯ್ಯ ತಪ್ಪಾಯಿತು ಅನ್ನಲಿಲ್ಲ. ದಿನಾ ಬಂದು ಚಾವಡಿಯ ಎದುರಿನ ಹುಣಸೆಮರದ ಕೆಳಗೆ ಸುಮ್ಮನೆ ಕೂತು ಹೋಗುತ್ತಿದ್ದ. ಊರಿನ ಪ್ರತಿಯೊಂದು ಅಡುಗೆಮನೆಯಲ್ಲೂ "ಇದು ಅನ್ಯಾಯ" ಎಂಬ ಮಾತು ನಡೆಯುತ್ತಿತ್ತು. ನಮ್ಮ ಬಾವಿಕಟ್ಟೆಗೆ ಎಲ್ಲ ಅಡುಗೆಮನೆಗಳ ಸುದ್ದಿಯೂ ಬರುತ್ತಿತ್ತು, ಅದರಿಂದ ನನಗೆ ಗೊತ್ತು. ಅದೇ ಗಂಡಸರು ಜಗಲಿಗೆ ಬಂದರೆ ನೆಲ ನೋಡುತ್ತಿದ್ದರು. ತನಗೊಬ್ಬನಿಗೇ ಹೀಗನ್ನಿಸುತ್ತಿದೆ, ಮಿಕ್ಕವರೆಲ್ಲ ಗೌಡರ ಕಡೆ ಎಂದು ಒಬ್ಬೊಬ್ಬನೂ ತಿಳಿದಿದ್ದ. ಆ ಲಕ್ಷಗಟ್ಟಲೆ ಜನ ಹೇಗೆ ಒಟ್ಟಿಗೆ ಕೈ ಎತ್ತುತ್ತಾರೆ ಎಂದು ಮಾವ ಕೇಳಿದ್ದರಲ್ಲ, ಉತ್ತರ ನಮ್ಮ ಮನೆಯ ಎದುರಿಗೇ ಇತ್ತು.

ಊಟಕ್ಕೆ ಬಡಿಸುವಾಗ ಅತ್ತೆ ಕೇಳಿದರು: "ಕೆಂಚಣ್ಣನ ಪೈರು ಒಣಗ್ತದಂತೆ?"

"ಊರ ಇಚಾರ ನಿಂಗ್ಯಾಕೆ?" ಎಂದರು ಮಾವ. ಆ ಮನೆಯಲ್ಲಿ ಅಂಥ ಮಾತು ನಾನು ಮೊದಲ ಸಲ ಕೇಳಿದ್ದು.

ಮಾರನೆಯ ಮಧ್ಯಾಹ್ನ, ಹಬ್ಬವಲ್ಲ ಏನಲ್ಲ, ಅತ್ತೆ ತಟ್ಟೆಯನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದರು. ಹಿತ್ತಲಿಗೆ ಹೋಗಿ ಎಲೆ ಕೊಯ್ದು ತಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆ ಹಿಡಿದು, ಬೀದಿ ದಾಟಿ ಚಾವಡಿಗೆ ನಡೆದರು. ಮದುವೆಯಾಗಿ ಬಂದಾಗಿನಿಂದ ಅವರು ಆ ಕಡೆ ಕಾಲಿಟ್ಟಿರಲಿಲ್ಲ. ಅವರ ಹಿಂದೆ ನಾನು. ಧೈರ್ಯದಿಂದಲ್ಲ, ಅವರನ್ನು ಒಬ್ಬರೇ ಬಿಡಲಾರದೆ.

ಮೊದಲು ಕೆಳಗೆ ನಿಂತಿದ್ದ ಮಾದಯ್ಯನ ಮುಂದೆ ತಟ್ಟೆ ಹಿಡಿದರು. "ಮಡೆ ಕಟ್ಟಿದ್ದು ನೀನು. ಸರಿಯಾ ತಪ್ಪಾ ಅಂತ ನಿನ್ನ ಕೇಳಿದ್ರಾ?"

ಮಾದಯ್ಯ ತಟ್ಟೆಯನ್ನೂ ನೋಡಿದ, ಅತ್ತೆಯನ್ನೂ ನೋಡಿದ. "ನನ್ನ ಯಾವತ್ ಕೇಳವ್ರೆ ಕಣವ್ವ?" ಎಂದ. ಎಲೆ ಮುಟ್ಟಲಿಲ್ಲ.

ಅತ್ತೆ ಮೆಟ್ಟಿಲು ಹತ್ತಿದರು. "ಕೆಂಚಣ್ಣನ ಪೈರು ಒಣಗ್ಲಿ ಅನ್ನೋರು ಎಲೆ ತಗೊಳ್ಳಿ" ಎಂದು ಒಬ್ಬೊಬ್ಬರ ಮುಂದೆಯೂ ತಟ್ಟೆ ಹಿಡಿಯುತ್ತ ಹೋದರು. ಸಿದ್ದೇಗೌಡನ ಕೈ ಅಭ್ಯಾಸಬಲದಿಂದ ಮುಂದೆ ಬಂದು, ಪಕ್ಕದವನು ತಳ್ಳಿದ್ದನ್ನು ನೋಡಿ ಹಿಂದಕ್ಕೆ ಹೋಯಿತು. ಕೋಲಿನ ಹುಡುಗರೂ ತೆಗೆದುಕೊಳ್ಳಲಿಲ್ಲ. ಸುತ್ತು ಮುಗಿದಾಗ ತಟ್ಟೆ ತುಂಬಿದ ಹಾಗೇ ಇತ್ತು. ಅತ್ತೆ ಅದನ್ನು ಕುರ್ಚಿಯ ಮುಂದೆ ನೆಲದ ಮೇಲೆ ಇಟ್ಟು, "ಈಗ ನೀವು" ಎಂದರು.

ಮಾವ ಆ ತುಂಬಿದ ತಟ್ಟೆಯನ್ನೇ ನೋಡುತ್ತ ಕೂತರು. ಸಿಟ್ಟು ಬರುತ್ತದೆಂದು ನಾನು ಎಣಿಸಿದ್ದೆ. ಬಂದದ್ದು ಸಿಟ್ಟಲ್ಲ. ಜಾತ್ರೆಯಲ್ಲಿ ಕೈತಪ್ಪಿ ಹೋದ ಮಗುವಿನಂಥ ಮುಖ.

"ಅಂಗಾದ್ರೆ ಇಷ್ಟ್ ದಿನ ಯಾಕ್ರಲಾ ಸುಮ್ಕಿದ್ರಿ? ಒಬ್ನಾದ್ರೂ ಬ್ಯಾಡ ಅಂದಿದ್ರೆ ನಾನು ನಿಲ್ಲಿಸ್ತಿರ್ಲಿಲ್ವಾ?"

ಹುಣಸೆಮರದ ಕೆಳಗಿನಿಂದ ಕೆಂಚಯ್ಯ ಹೇಳಿದ:

"ನಾನಂದೆ ಕಣ್ಲಾ ಪುಟ್ಟ. ಅದಕ್ಕೇ ನೀರ್ ಕಟ್ಟಿಸ್ದೆ."

ಧ್ವನಿ ಏರಿಸಿ ಹೇಳಿದ ಮಾತಲ್ಲ. ಆದರೆ ಈಗಲೂ ಒಮ್ಮೊಮ್ಮೆ ನನಗೆ ಕೇಳಿಸುತ್ತದೆ.

ಮಾವ ಕುರ್ಚಿಯ ಕೈ ಊರಿ ಎದ್ದರು. ಅಷ್ಟರಲ್ಲಿ ಮಾದಯ್ಯ ಗುದ್ದಲಿ ಹೆಗಲಿಗೇರಿಸಿ ಕೊನೆಯ ಗದ್ದೆಯ ಕಡೆಗೆ ಹೊರಟಾಗಿತ್ತು. ಅವನಿಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಮಾವ ಜಗಲಿಯ ಮೇಲೆ ಎಲ್ಲರ ನಡುವೆ ಕೂತು, ಮಂಡಿ ಮಡಿಸಲು ಹೋಗಿ, ನೋವಿಗೆ ಹಲ್ಲು ಕಚ್ಚಿದರು. ಕೆಂಚಯ್ಯ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವರ ಕಾಲನ್ನು ಎರಡೂ ಕೈಯಿಂದ ಹಿಡಿದು ನೀಟಾಗಿ ಚಾಚಿದ.

"ಚಾಚ್ಕೊಳ್ಳಾ. ಚಾಚ್ಕೊಂಡ್ರೆ ಯಾರ್ ಏನಂದಾರು? ಇದಕ್ಕೆ ಕುರ್ಚಿ ಬೇಕಾಗಿತ್ತಾ ನಿಂಗೆ?"

ಮಾವ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅತ್ತೆಯ ಬೆನ್ನ ಹಿಂದೆ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅತ್ತೆ ಮಾತ್ರ ಅಳಲಿಲ್ಲ. ತಟ್ಟೆ ಎತ್ತಿಕೊಂಡು, "ನಡಿ, ಒಲೆ ಮೇಲೆ ಸಾರದೆ" ಎಂದರು.

ಕೆಂಚಯ್ಯನ ಪೈರು ಅರ್ಧ ಉಳಿಯಿತು, ಅರ್ಧ ಜೊಳ್ಳಾಯಿತು. ಮಾವ ಕಳಿಸಿದ ಭತ್ತದ ಗಾಡಿಯನ್ನು ಅವನು ಎಲೆ ತಟ್ಟೆ ತಳ್ಳಿದ ಹಾಗೆಯೇ ತಳ್ಳಿದ. ಅದರ ಬದಲು, ಮುಂದಿನ ವರ್ಷದಿಂದ ಸರದಿಯನ್ನು ಬಾಲದಿಂದ ಶುರುಮಾಡಬೇಕೆಂದು ಕೇಳಿದ. ಅದಕ್ಕೂ ಮೂರು ಸಲ ತಟ್ಟೆ ಸುತ್ತಬೇಕಾಯಿತು. ಜಗಳಗಳು ವಾಪಸು ಬಂದವು, ಮಾತು ಉದ್ದವಾಯಿತು, ಉಳಿದ ಎಲೆ ನೋಡಿ ಅತ್ತೆ ಮತ್ತೆ ಲೆಕ್ಕ ಹೇಳತೊಡಗಿದರು. ಒಂದು ದಿನ ಮೆಟ್ಟಿಲ ಕೆಳಗೆ ಹೋಗಿದ್ದ ತಟ್ಟೆ ಮಾತ್ರ ಮತ್ತೆ ಅಷ್ಟು ಸುಲಭವಾಗಿ ಅಲ್ಲಿಗೆ ಹೋಗಲಿಲ್ಲ. ಅದಕ್ಕೆ ಬೇರೆ ಜಗಳಗಳೇ ಆಗಬೇಕಾಗಿತ್ತು, ಆದವು.

ಜರ್ಮನಿಯ ಆ ಮನುಷ್ಯ ಸತ್ತ ಸುದ್ದಿಯನ್ನು ನಾನೇ ಓದಿ ಹೇಳಿದೆ, ವಾರ ತಡವಾಗಿ. ಮಾವ "ಪಾಪ" ಎಂದರು.

"ಅಂತೋನ್ಗೂ ಪಾಪ ಅಂತೀರಲ್ಲ" ಎಂದು ಅತ್ತೆ ರೇಗಿದರು.

"ಅವ್ನ್ಗಲ್ಲ ಕಣೆ. ಅವ್ನ್ಗೆ ಬ್ಯಾಡ ಅಂದೋರು ಎಷ್ಟ್ ಜನ ಇದ್ರೋ, ಏನಾದ್ರೋ."

ಕಡಲಾಚೆ ನಡೆದದ್ದನ್ನೂ ನಮ್ಮೂರಿನ ಒಂದು ಮಡೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಬುದ್ಧಿಗೇಡಿ ನಾನಲ್ಲ. ಮಾವ ಕಟ್ಟಿಸಿದ್ದು ಒಂದು ಗದ್ದೆಯ ನೀರು, ಅದೂ ಮತ್ತೆ ಹರಿಯಿತು. ಆದರೆ ಬೀಜ ಹೇಗಿರುತ್ತದೆಂದು ನಾನು ಕಣ್ಣಾರೆ ನೋಡಿದೆ. ಅದು ಕೆಟ್ಟವನ ಜೇಬಿನಲ್ಲೇ ಇರಬೇಕೆಂದಿಲ್ಲ. ದಣಿದ ಜನ, ಒಬ್ಬ ಒಳ್ಳೆಯವನು, "ನೀವು ಏನು ಮಾಡಿದರೂ ಸರಿ" ಎಂಬ ಒಂದು ಸಿಹಿ ಮಾತು ಸಾಕು. ಸ್ವಾತಂತ್ರ್ಯ ಬಂದ ದಿನ ಮಾವ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತು ಎಲ್ಲರ ಜೊತೆ ಬೆಲ್ಲ ತಿಂದರು. ಕುರ್ಚಿ ಅಟ್ಟ ಸೇರಿತ್ತು. ಅದರಲ್ಲಿ ನಮ್ಮ ಹೇಂಟೆ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತಿತ್ತು. ಅತ್ತೆ ಮಾವ ಹೋದ ಮೇಲೆ ಕುರ್ಚಿಯೂ ತಟ್ಟೆಯೂ ನಮ್ಮ ಜೊತೆ ಮಂಡ್ಯಕ್ಕೆ ಬಂದವು.

ಈಗ ನಾನು ನಾಲಿಗೆ ಕಚ್ಚಿಕೊಂಡ ವಿಷಯ. ನಮ್ಮ ಬೀದಿಯಲ್ಲಿ ಹೆಂಗಸರ ಸಮಾಜವೊಂದಿದೆ. ಕೆಲವು ವರ್ಷಗಳಿಂದ ನಾನೇ ಅಧ್ಯಕ್ಷೆ. ಹೊಲಿಗೆ ತರಗತಿಯನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಾಯಿಸೋಣ ಎಂದು ಹೋದ ತಿಂಗಳು ನಾನು ಅಂದಾಗ, "ನೀವು ಏನು ಮಾಡಿದ್ರೂ ಸರಿ ಅಮ್ಮಾ" ಎಂದರು ಎಲ್ಲರೂ. "ನಿಮಗೆ ಮಂಡಿನೋವು, ಜಮಖಾನದ ಮೇಲೆ ಯಾಕೆ? ಕುರ್ಚಿ ಹಾಕಿಸ್ಕೊಳ್ಳಿ" ಎಂದರು. ನಿಜ ಹೇಳುತ್ತೇನೆ, ಆ ಮಾತು ಬಿಸಿ ಹಾಲಿನ ಹಾಗೆ ಒಳಗೆ ಇಳಿಯಿತು. ಮನೆಗೆ ಬಂದವಳೇ ಕುರ್ಚಿಯ ದೂಳು ಕೊಡವಿದೆ.

ಒದ್ದೆ ಬೆತ್ತದ ವಾಸನೆ ಮೂಗಿಗೆ ಬರುವವರೆಗೂ ನನಗೆ ಏನೂ ಹೊಳೆದಿರಲಿಲ್ಲ ನೋಡಿ.

ಕುರ್ಚಿ ಸಿದ್ಧವಾಗಿ ಬಂತು. ಬೆತ್ತ ಬಿಗಿಯಾಗಿದೆ, ಸಾಬರ ಕೈ ಚೆನ್ನಾಗಿದೆ. ಅದನ್ನು ಕಿಟಕಿಯ ಹತ್ತಿರ ಹಾಕಿದ್ದೇನೆ, ನಾನೊಬ್ಬಳೇ ಇದ್ದಾಗ ಕೂರಲು. ನಿನ್ನೆ ಸಮಾಜದ ಸಭೆಗೆ ಹೋಗುವಾಗ ಒಯ್ದದ್ದು ಅತ್ತೆಯ ಹಿತ್ತಾಳೆ ತಟ್ಟೆಯನ್ನು. ಪದ್ಧತಿ ವಿವರಿಸಿದೆ. ಎಲ್ಲರಿಗೂ ತಮಾಷೆ ಅನ್ನಿಸಿತು. ಹೊಲಿಗೆ ತರಗತಿ ಬೆಳಿಗ್ಗೆ, ಒಪ್ಪಿದವರು ಎಲೆ ತೆಗೆದುಕೊಳ್ಳಿ ಎಂದೆ. ನಗುತ್ತ ನಗುತ್ತ ತಟ್ಟೆ ಸುತ್ತಿತು. ಬಾಗಿಲ ಬಳಿ ಕೂತಿದ್ದ ಹುಡುಗಿಯೊಬ್ಬಳು ಮಾತ್ರ, ದಿನಾ ಬೆಳಿಗ್ಗೆ ಗೆಜ್ಜಲಗೆರೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವಳು, ಎಲೆಯನ್ನು ನೋಡಿ, ನನ್ನನ್ನು ನೋಡಿ, ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಒಂದು ಕ್ಷಣ ನನಗೆ ಸಿಟ್ಟು ಬಂತು. ಮುಚ್ಚಿಡುವುದೇಕೆ, ಬಂತು. "ಇವಳೊಬ್ಬಳು" ಎಂದು ಯಾರೋ ನಗಲು ಶುರುಮಾಡಿದರು.

"ನಗಬೇಡಿ, ತಡೀರಿ" ಎಂದೆ. ಮಂಡಿ ಸಿಡಿಯುತ್ತಿತ್ತು. ಜಮಖಾನದ ಮೇಲೆ ಬಲಗಾಲನ್ನು ನೀಟಾಗಿ ಚಾಚಿಕೊಂಡು, ಗೋಡೆಗೆ ಒರಗಿ ಕೂತೆ. ಮಾತು ಮುಗಿಯಲು ಹೊತ್ತಾಗುವ ಹಾಗಿತ್ತು. "ಹೇಳಮ್ಮ, ಯಾಕೆ ಬೇಡ?"